ಹೊಂಡ ಮುಚ್ಚಿದ ಮೇಲೆ ಕಪ್ಪೆ ಮದುವೆ

ಅವ್ವಾ,

ನೀನು ಹೋಗಿ ಎರಡು ಮಳೆಗಾಲ ದಾಟಿದವು. ನಿನಗೊಂದು ಸುದ್ದಿ ಹೇಳಬೇಕು. ಕೇಳಿದರೆ ನಗುತ್ತಿದ್ದೆಯೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದೆಯೋ... ನನಗಂತೂ ಮೈ ಉರಿಯುತ್ತಿದೆ.

ಆ ಮೊದಲ ಮಳೆಯ ಸಂಜೆ ನೆನಪಿದೆಯೇ? ಹೊಲದ ಕಪ್ಪೆಗಳೆಲ್ಲ ದಾರಿ ದಾಟಿ ನಮ್ಮೂರ ಹೊಂಡಕ್ಕೆ ಹೊರಟಿದ್ದವು. ನೀನು ಕಮಲಾಪುರದ ಟೆಂಪೋಕ್ಕೆ ಕೈ ಅಡ್ಡ ಹಿಡಿದು, "ತಡಿಯೋ ತಮ್ಮಾ, ನಮ್ಮ ಬೀಗರು ಹೊಂಟಾರ" ಅಂದೆ. ಮಳೆ ಕೈಕೊಟ್ಟ ವರ್ಷ ಹೆಂಗಸರೆಲ್ಲ ಸೇರಿ ಕಪ್ಪೆ ಮದುವೆ ಮಾಡುವಾಗ ಹೊಂಡಕ್ಕಿಳಿದು ಜೋಡಿ ಹಿಡಿದು ತರುವವಳು, ಅರಿಷಿಣ ಹಚ್ಚುವವಳು, ಮುಗಿದ ಮೇಲೆ ಅದೇ ಹೊಂಡಕ್ಕೆ ಬಿಟ್ಟು ಬರುವವಳು ನೀನೇ. ಬೀಗರಲ್ಲದೆ ಮತ್ತೇನು? ಟೆಂಪೋದವನು ಬೈಯುತ್ತಲೇ ನಿಂತ.

ರಸ್ತೆ ಬೇಡವೆಂದವಳಲ್ಲ ನೀನು. ನನ್ನ ತಂಗಿಯನ್ನು ಹೆರಿಗೆಗೆ ಒಯ್ಯುವಾಗ ಎರೆಮಣ್ಣಿನ ಕೆಸರಿನಲ್ಲಿ ಗಾಲಿ ಹೂತುಹೋಗಿ, ಅವಳು ಗಾಡಿಯಲ್ಲೇ ಹೆತ್ತಳು. ಡಾಂಬರು ಬೇಕೆಂದು ಎಲ್ಲರಿಗಿಂತ ಮೊದಲು ಕೂಗಾಡಿದವಳು ನೀನು.

ರಸ್ತೆಗೆಂದು ಹೊಂಡ ಮುಚ್ಚುತ್ತಾರೆಂದು ತಿಳಿದು ಕಲಬುರಗಿಯ ರಸ್ತೆ ಇಲಾಖೆಯ ಆಫೀಸಿನಲ್ಲಿ ಸಾಹೇಬರ ಮುಂದೆ ನೀನು ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. "ರೋಡ್ ಮಾಡ್ರಿ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ಹೊಂಡ ಮುಚ್ಚಬ್ಯಾಡ್ರಿ, ಜರಾ ಬಾಜೂಕ ಹೊಳ್ಳಿಸಿ ಒಯ್ಯಿರಿ. ಕೆಳಗೊಂದು ಪೈಪ್ ಹಾಕಿದ್ರ ಕಪ್ಪಿಗಳೂ ದಾಟತಾವ."

"ಕಪ್ಪಿಗಿ ಬ್ಯಾರೆ ರಸ್ತಾ ಬೇಕೇನವ್ವಾ?" ಎಂದು ಸಾಹೇಬರು ನಕ್ಕರು. ಅವರು ನಕ್ಕದ್ದು ಬಿಡು. ಜೊತೆಗೆ ಬಂದಿದ್ದ ನಮ್ಮೂರ ಗೌಡರೇ, "ಮುಚ್ಚರಿ ಸಾಹೇಬ್ರ, ಸೊಳ್ಳಿ ಕಾಟ ಹೋಗ್ತದ" ಅಂದರಲ್ಲ! ವಾಪಸ್ ಬರುವಾಗ ಸ್ಟೇಶನ್ ಬಜಾರದಲ್ಲಿ ಚಹಾ ತರಿಸಿದೆ. ನೀನು ಮುಟ್ಟಲಿಲ್ಲ.

ಹೊಂಡಕ್ಕೆ ಮುರುಮ್ ಮಣ್ಣು ಸುರಿದರು, ರಸ್ತೆ ನೆಟ್ಟಗಾಯಿತು. ಮುಂದಿನ ಮಳೆಗೆ ಹೊಂಡ ಹುಡುಕಿಕೊಂಡು ಬಂದ ಕಪ್ಪೆಗಳು ಗಾಲಿಗೆ ಸಿಕ್ಕು ಡಾಂಬರಿಗೆ ಅಂಟಿದವು. ಬೆಳಿಗ್ಗೆ ನೀನು ಕಸಬರಿಗೆ ಹಿಡಿದು ಅವನ್ನು ಬಳಿದೆ. ಆ ಪೈಪೊಂದು ಹಾಕಿದ್ದರೆ... ಸೊಳ್ಳೆಗಳಾದರೂ ಹೋದವೇ? ಈಗ ಹಗಲಲ್ಲೂ ಕಡಿಯುತ್ತವೆ.

ಈಗ ಸುದ್ದಿ ಕೇಳು. ಈ ವರ್ಷ ಮಳೆ ತಡವಾಯಿತು. ಅದೇ ಗೌಡರು ನಮ್ಮ ಬಾಗಿಲಿಗೆ ಬಂದರು. "ಯವ್ವಾ, ಮದುವಿಗಿ ಒಂದು ಜೋಡಿ ಕಪ್ಪಿ ಬೇಕಾಗ್ಯದ. ನಿಮ್ಮವ್ವ ಎಲ್ಲಿಂದ ತರ್ತಿದ್ಳು?" ಕೇಳಲು ನಾಲಿಗೆಯಾದರೂ ಹೇಗೆ ಹೊರಳಿತು? "ನಿಮ್ಮ ಡಾಂಬರ ಕೆಳಗಿಂದ ರೀ" ಅಂದೆ.

ಕೊನೆಗೆ ಕಪನೂರಿನ ಕಾರ್ಖಾನೆಗಳ ಹಿಂದಿನ ಗಟಾರದಲ್ಲಿ ಹಿಡಿದು, ಕೊಡದಲ್ಲಿ ಹಾಕಿ, ಅದೇ ರಸ್ತೆಯ ಮೇಲೆ ಟೆಂಪೋದಲ್ಲಿ ತಂದರು. ಅರಿಷಿಣ, ಬಾಸಿಂಗ, ಬಾಜಾ ಎಲ್ಲ ಆಯಿತು. ಬಿಡುವ ಹೊತ್ತಿಗೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಎಲ್ಲಿಗೆ ಬಿಡುವುದು? ಒಬ್ಬರೂ ಅದನ್ನು ಯೋಚಿಸಿರಲಿಲ್ಲ. ನಾನೇ ಕೊಡ ಕಸಿದುಕೊಂಡು ಬಂದು, ದನ ನೀರು ಕುಡಿಯುವ ಕಲ್ಲಿನ ಡೋಣಿಗೆ ಬಿಟ್ಟೆ. ಅದರಲ್ಲಿ ನೀರು ಬತ್ತಲು ಬಿಡುವುದಿಲ್ಲ, ಅಷ್ಟು ಮಾತು ಕೊಡಬಲ್ಲೆ.

ನಿನ್ನೆ ಸಂಜೆ ಮಳೆ ಬಂತವ್ವಾ, ಚೆನ್ನಾಗಿಯೇ ಬಂತು. ಮದುವೆ ಫಲಿಸಿತೆಂದು ಗೌಡರು ಊರಿಗೆಲ್ಲ ಪೇಡಾ ಹಂಚಿದರು. ಡೋಣಿಯಲ್ಲಿದ್ದ ಮದುಮಗ ಕೂಗತೊಡಗಿದ. ನಾನು ಬಾಗಿಲಲ್ಲಿ ನಿಂತು ಬಹಳ ಹೊತ್ತು ಕಿವಿಗೊಟ್ಟೆ. ಹೊರಗಿನಿಂದ ನಿನ್ನ ಬೀಗರೊಬ್ಬರೂ ಓಗೊಡಲಿಲ್ಲ.