ಉಳಿದ ವಂಶ

ಅಪ್ಪಾ,

ನಮ್ಮೂರು ಸವಡಿಯ ಜನರ ರಕ್ತದ ಹಳೆಯ ಸ್ಲೈಡುಗಳನ್ನು ಇವತ್ತು ನಮ್ಮ ಪ್ರಯೋಗಾಲಯದಲ್ಲಿ ಪರೀಕ್ಷಿಸಿದೆವು. ಸಾಯುವ ಮುಂಚೆ ಚಳಿಜ್ವರ ಬಂದಾಗ ನೀನು ಕೊಟ್ಟ ಹನಿಯೂ ಅವುಗಳಲ್ಲಿತ್ತು. ಒಣಗಿ ಕಂದಿಹೋಗಿತ್ತು. ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ.

ಆಗ ಊರಿನಲ್ಲಿ ಮಲೇರಿಯಾ ರೋಗಾಣುವಿನ ಹಲವು ವಂಶಗಳಿದ್ದವು. ಬರಬರುತ್ತ ಒಂದೊಂದಾಗಿ ಅಳಿದವು. ಈ ವರ್ಷದ ರೋಗಿಗಳಲ್ಲಿ ಸಿಕ್ಕಿದ್ದು ಒಂದೇ ವಂಶ, ನಿನ್ನ ಹನಿಯಲ್ಲಿದ್ದದ್ದು.

ನಾನು ಹುಟ್ಟಿದ ದಿನ ನೀನು ತೊಟ್ಟಿಲ ಕಡೆ ತಿರುಗಿಯೂ ನೋಡದೆ ಅವ್ವನಿಗೆ ಅಂದೆಯಂತೆ: "ಹೆಣ್ಣ ಹಡದಿ, ನನ್ನ ವಂಶಾ ಮುಳುಗಿಸಿದಿ."

ಸಂಜೆ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ನಕ್ಕಳು.

"ನಿಮ್ಮಪ್ಪನ ವಂಶಾ ಉಳೀತಲ್ಲ ಬಿಡವಾ, ಸೊಳ್ಳಿ ಹೊಟ್ಟ್ಯಾಗ."