ಪೆಡಲ್ ಒತ್ತಿದ ಅಕ್ಕ

ಮಾರ್ಚ್ ೧೪, ಶುಕ್ರವಾರ

ಅಪ್ಪ ಬಿಟ್ಟುಹೋದ ಪಿಕಪ್ಪಿನ ಕ್ಲಚ್ ಪೆಡಲ್ ಇವತ್ತೂ ನೆಲಕ್ಕೇ ಇಳಿಯಿತು, ಗೇರ್ ಬೀಳಲಿಲ್ಲ. "ಗುಜರಿಗೆ ಹಾಕಮ್ಮ" ಎಂದ ಮೆಕ್ಯಾನಿಕ್. ನಾನು ಜಗ್ಗಲಿಲ್ಲ. ಗಾಡಿಯಡಿಯ ಕ್ಲಚ್ ಸಿಲಿಂಡರಿನಲ್ಲಿ ಆಯಿಲ್ ಸೋರಿಸುತ್ತಿದ್ದ ಹರಿದ ಸೀಲನ್ನು ನಾನೇ ಬದಲಿಸಿದೆ. ಆದರೆ ಆಯಿಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು: ಮೇಲೆ ಪೆಡಲ್ ಒತ್ತಲು ಒಬ್ಬರು, ಕೆಳಗೆ ಸ್ಕ್ರೂ ಸಡಿಲಿಸಿ ಬಿಗಿಯಲು ಒಬ್ಬರು. ಈ ಗಾಡಿ ಮಾರುವ ವಿಷಯಕ್ಕೇ ಜಗಳವಾಡಿ ಎರಡು ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕನ ಬಾಗಿಲು ತಟ್ಟಿದೆ. ಅವಳು ಚಪ್ಪಲಿ ಮೆಟ್ಟಿ ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ನಾನು ಗಾಡಿಯಡಿ ಮಲಗಿದೆ.

"ಒತ್ತು. ಹಿಡ್ಕೋ. ಬಿಡು."

ನಲವತ್ತು ಸಲವಾದರೂ ಹೇಳಿರಬೇಕು. ಕೊನೆಗೆ ಗುಳ್ಳೆ ನಿಂತು ಬರೀ ಆಯಿಲ್ ಬಂತು.

"ಪೆಡಲ್ ಗಟ್ಟಿಯಾಯ್ತು ಕಣೇ," ಎಂದಳು ಅಕ್ಕ. "ನಾಳೆ ಲೋಡಿಗೆ ಹೋಗೋವಾಗ ನನ್ನನ್ನೂ ಕರಿ."

"ಐದಕ್ಕೇ ಹೊರಡ್ತೀನಿ."

"ನಂಗೇನು ನಿದ್ದೆ ಬರುತ್ತಾ?"

ಜಗಳದ ಮಾತು ಇನ್ನೂ ಉಳಿದಿದೆ. ನಾಳೆ ದಾರಿಯಲ್ಲಿ ನಾನೇ ಮೊದಲು ಎತ್ತುತ್ತೇನೆ. ಹೇಗೆ ಶುರುಮಾಡುತ್ತೇನೆ ಎಂದರೆ, ಮೊದಲು "ಈ ಗಾಡಿ ನಮ್ಮಿಬ್ಬರದೂ ಅಕ್ಕ" ಎನ್ನುತ್ತೇನೆ.