ರಿವರ್ಸ್ ಹಾಕಿದಾಗ ಬರುವ ಹಾಡು

ಖಾನಾಪುರ
ತಾ. 12-6-2025, ಗುರುವಾರ

ಸಮೃದ್ಧಿಯ ಪಪ್ಪಾ ಅವರಿಗೆ ಮಾಲಾಳ ನಮಸ್ಕಾರಗಳು.

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರೋ, ಇಲ್ಲ ಬರೀ ಚಹಾದ ಮೇಲೆ ದಿನ ತೆಗೆಯುತ್ತೀರೋ? ಫೋನಿಗೆ ನೀವು ಸಿಗುವುದಿಲ್ಲ, ‘ಕೆಲಸದಾಗ ಅದೀನಿ’ ಎಂಬ ಮೆಸೇಜು ಮಾತ್ರ ಬರುತ್ತದೆ. ಅದಕ್ಕೇ ಈ ಪತ್ರ. ಸಮೃದ್ಧಿ ಶಾಲೆಗೆ ಹೋಗುತ್ತಿದ್ದಾಳೆ. ಅತ್ತೆಗೆ ಈಗ ಬೆಳಕು, ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ನೀವು ನನಗೆ ಹೇಳದೆ ಕೊಟ್ಟುಬಿಟ್ಟ ನಮ್ಮ ಟೆಂಪೊ ಈಗ ಬಂಡೆಪ್ಪ ಎಂಬವನ ಕೈಯಲ್ಲಿದೆ. ಬೆಳಗಾವಿಯಿಂದ ನಮ್ಮ ಪಕ್ಕದ ಸಿಮೆಂಟ್ ಅಂಗಡಿಗೇ ಮಾಲು ತರುತ್ತಾನೆ. ಮೊದಲ ದಿನ ಅದರ ರಿವರ್ಸ್ ಹಾಡು ಕೇಳಿ ನೀವೇ ಬಂದಿರೆಂದು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ. ನೀವು ಗಾಡಿಯ ಹಿಂಬದಿಗೆ ಬರೆಸಿದ ‘ನಿಲ್ಲದ ಸವಾರ’ ಹಾಗೇ ಇದೆ. ಮದುವೆಯಾದ ಹೊಸದರಲ್ಲಿ ಆ ಸಿನಿಮಾ ತೋರಿಸಿದ್ದಿರಲ್ಲ. ಟೈಟಲ್ ಸಾಂಗಿನ ತುಂಬ ಸಿನಿಮಾದ ಹೆಸರೇ ಹೆಸರು, ಕಥೆ ಮರೆತರೂ ಹೆಸರು ಮರೆಯಬಾರದು ಎಂದು ಹಟ ಹಿಡಿದು ಬರೆದ ಹಾಗೆ. ನೀವು ಅದರ ಟ್ಯೂನನ್ನು ರಿವರ್ಸ್ ಹಾರ್ನಿಗೆ ಹಾಕಿಸಿದಿರಿ. ನಿಲ್ಲದ ಸವಾರ ಹಿಂದಕ್ಕೆ ಬರುವಾಗಲೇ ಹಾಡುತ್ತಾನೆ ಎಂದು ನಾನೆಷ್ಟು ನಕ್ಕಿದ್ದೆ! ಈಗ ಅದು ಕೇಳಿದರೆ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತೇನೆ.

ಯಾಕೆಂದರೆ ಹಾಡು ಬಂತೆಂದರೆ ಅತ್ತೆ ‘ನನ್ನ ಮಗ ಗಜು ಬಂದ’ ಎನ್ನುತ್ತ ಗೋಡೆ ಹಿಡಿದು ಹೊರಗೆ ಹೋಗಿ ಗಾಡಿಯ ಹಿಂದೆಯೇ ನಿಲ್ಲುತ್ತಾರೆ. ನೀವಾದರೆ ಕನ್ನಡಿಯಲ್ಲಿ ನೋಡಿ ಗಾಡಿ ನಿಲ್ಲಿಸಿ, ಇಳಿದು ಅವರ ಕೈ ಹಿಡಿದು ಒಳಗೆ ಕರೆತರುತ್ತಿದ್ದಿರಿ. ಬಂಡೆಪ್ಪನಿಗೆ ಅದೇನು ಗೊತ್ತು? ಎರಡು ಸಲ ನಾನೇ ಓಡಿಹೋಗಿ ಎಳೆದುಕೊಂಡು ಬಂದೆ. ನೀವು ಲೋಡು ಇಳಿಸಿ ಹಾಗೇ ಹೋದಿರೆಂದು ಅತ್ತೆಗೆ ಸುಳ್ಳು ಹೇಳಿದೆ. ಆ ಹಾಡು ತೆಗೆಸು ಎಂದು ಬಂಡೆಪ್ಪನಿಗೆ ಹೇಳಿದರೆ, ಗ್ಯಾರೇಜಿಗೆ ಹೋದಾಗ ತೆಗೆಸುತ್ತೇನೆ ಅಂದ. ಆಮೇಲೆ ತಾನಾಗಿಯೇ ನಿಮ್ಮ ಸುದ್ದಿ ತೆಗೆದು, ‘ಅವರ ಕೈ ನಡಗತಾವ್ರಿ ಅಕ್ಕಾರ, ಸ್ಟೇರಿಂಗ್ ಹಿಡಿಯಾಕ ಅಂಜತಾರ. ಬೆಳಗಾವಿ ಉದ್ಯಮಬಾಗದ ಫ್ಯಾಕ್ಟರ್ಯಾಗ ವಾಚ್‌ಮನ್ ಅದಾರ. ನಿಮಗ ಗೊತ್ತಿಲ್ಲೇನ್ರಿ?’ ಎಂದ. ಗೊತ್ತಿದೆ ಎಂದು ಸುಳ್ಳು ಹೇಳಿ ಒಳಗೆ ಬಂದೆ.

ಸಿಟ್ಟೂ ಬಂತು, ಅಳುವೂ ಬಂತು. ಕೈ ನಡುಗುವುದೇನು ಕಳ್ಳತನವೇ, ಬಚ್ಚಿಡುವುದಕ್ಕೆ? ಬೆಳಗಾವಿ ನೆಹರು ನಗರದ ದವಾಖಾನೆಗೆ ಇಬ್ಬರೂ ಕೂಡಿ ಹೋಗೋಣ. ಗಾಡಿ ಹೋದರೆ ಹೋಯಿತು, ನನಗೆ ನಿಮ್ಮದೇ ಚಿಂತೆ.

ಸಮೃದ್ಧಿ ನಿಮ್ಮನ್ನು ಕೇಳಿದ್ದಾಳೆ. ಮೈ ಜೋಪಾನ.

ನಿಮ್ಮ
ಮಾಲಾ

ತಾ.ಕ.: ಪತ್ರ ಮಡಚುವಾಗಲೇ ಗಾಡಿ ಬಂತು. ನಾನು ಏಳುವಷ್ಟರಲ್ಲಿ ಅತ್ತೆ ಅದರ ಹಿಂದೆ ನಿಂತಿದ್ದರು. ಅಂಗಡಿಯವರು ಕೂಗಿದ್ದಕ್ಕೆ ಬಂಡೆಪ್ಪ ಬ್ರೇಕ್ ಹಾಕಿದ, ನಡುವೆ ಒಂದು ಗೇಣು ಉಳಿದಿತ್ತು. ಗಾಬರಿಯಾಗಿ ಇಳಿದು ಬಂದು ಅತ್ತೆಯ ಕೈ ಹಿಡಿದ. ಅವರು ಆ ಕೈ ಸವರಿ ನೋಡಿ ಬಿಟ್ಟುಬಿಟ್ಟರು. ಒಳಗೆ ಬಂದು, ‘ಇದು ಗಜೂನ ಕೈ ಅಲ್ಲ. ಅಂವನ ಕೈ ನಡಗತೈತಿ. ಅಂವ ಅದಾನೋ ಇಲ್ಲೋ, ಖರೇ ಹೇಳು’ ಎಂದರು. ಇದ್ದಾರೆ ಎಂದರೆ ನಂಬುತ್ತಿಲ್ಲ, ನೀರೂ ಮುಟ್ಟಿಲ್ಲ. ಪತ್ರ ಬಂಡೆಪ್ಪನ ಕೈಯಲ್ಲೇ ಕೊಡುತ್ತಿದ್ದೇನೆ, ಹೊರಗೆ ಕಾಯುತ್ತಿದ್ದಾನೆ. ನಾಳೆ ಅವನು ಈ ಕಡೆ ಬರುವಾಗ ಅವನ ಪಕ್ಕದಲ್ಲಿ ಕುಳಿತು ಬಂದುಬಿಡಿ.